ಒಣಗದ ಏಕವಚನ

ಜೂನ್ ೩

ತಂಗೀ,

ಇಲ್ಲಿ ನಾನು ಕ್ಷೇಮ. ಅಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ. ನಂಬುವುದು ನನ್ನ ಉದ್ಯೋಗ, ಅನುಮಾನಿಸುವುದು ನಿನ್ನ ಉದ್ಯೋಗ. ಇಬ್ಬರಿಗೂ ಕೆಲಸ ಇರುವ ತನಕ ಜಗತ್ತು ಸರಿಯಾಗಿಯೇ ನಡೆಯುತ್ತಿದೆ ಎಂದುಕೊಳ್ಳೋಣ.

ಪಾದ್ರಿ ಅಣ್ಣ ಹುಟ್ಟುಹಬ್ಬಕ್ಕೆ ಮಾತ್ರ ಕಾಗದ ಬರೆಯುತ್ತಾನೆ, ಅದೂ ಹುಟ್ಟುಹಬ್ಬ ಕಳೆದ ಮೇಲೆ ಎಂದು ನೀನು ಊರೆಲ್ಲ ಸಾರುತ್ತೀಯಂತೆ. ಇಗೋ, ಯಾರ ಹುಟ್ಟುಹಬ್ಬವೂ ಇಲ್ಲದೆ ಬರೆಯುತ್ತಿದ್ದೇನೆ. ನೀನು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೂತು ದಿನವಿಡೀ ಮಾಡುವ ಕೆಲಸ ಬಣ್ಣ ಒಣಗುವುದನ್ನು ನೋಡುವುದು ಎಂದು ಕೇಳಿ ನಾನು ನಕ್ಕಿದ್ದೆ. ಆ ನಗು ವಾಪಸ್ ತೆಗೆದುಕೊಂಡಿದ್ದೇನೆ. ನನಗೀಗ ಬೇಕಾಗಿರುವುದು ಅದೇ ವಿದ್ಯೆ.

ನಮ್ಮ ಚರ್ಚಿನ ಬಾಗಿಲು ದಾಟಿದ ಕೂಡಲೇ ಇರುವ ಇಕ್ಕಟ್ಟಾದ ದಾರಿ ನಿನಗೆ ನೆನಪಿರಬೇಕು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಆ ಗೋಡೆಯ ಮೇಲೆ ನಮ್ಮ ಧರ್ಮದ ಸಾರವನ್ನೆಲ್ಲ ಭಟ್ಟಿ ಇಳಿಸಿದ ಮೂರು ಸಾಲುಗಳಿದ್ದವು: "ನಿಮಗಾಗಿ ಒಬ್ಬರು ಸತ್ತು ಎದ್ದಿದ್ದಾರೆ. ನಿಮಗೆ ಕ್ಷಮೆ ಆಗಿದೆ. ಒಳಗೆ ಬನ್ನಿ." ಯಾವ ಕಾಲದ್ದೋ ಏನೋ, ಮಾಸಿ ಮಾಸಿ ಕೊನೆಗೆ "ಮೆ ಆಗಿದೆ, ಳಗೆ ನ್ನಿ" ಎಂಬಷ್ಟು ಉಳಿದಿತ್ತು. ಎಲ್ಲರಿಗೂ ಬಾಯಿಪಾಠವಾಗಿದ್ದರಿಂದ ಅಕ್ಷರ ಉದುರಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ನನ್ನ ಗಮನಕ್ಕೂ.

ಕಳೆದ ತಿಂಗಳು ಒಂದು ಮಧ್ಯಾಹ್ನ ಬೋರ್ಡು ಬರೆಯುವವನೊಬ್ಬ ಡಬ್ಬ, ಕುಂಚ ಹಿಡಿದು ಬಂದ. ಕಿವಿಯ ಮೇಲೆ ಪೆನ್ಸಿಲ್ಲು. ಆ ಸಾಲುಗಳನ್ನೇ ಹೊಸದಾಗಿ ಬರೆದ. ಹೋಗುವಾಗ ನನ್ನ ಕೋಣೆಗೆ ತಲೆ ಹಾಕಿ, "ಒಣಗಿದ್ರೆ ಹೇಳಿ ಕಳಿಸಿ ಅಯ್ಯನವರೇ, ಬಂದು ಇನ್ನೊಂದು ಕೋಟು ಹೊಡೀತೀನಿ" ಅಂದ. ನಾನು ಭಾನುವಾರದ ಆರಾಧನೆಯಲ್ಲಿ ಹೇಳುವ ಪ್ರಸಂಗ ಬರೆಯುತ್ತಿದ್ದೆ, ತಲೆ ಎತ್ತದೆ ಆಯ್ತಪ್ಪ ಅಂದೆ.

ಭಾನುವಾರ ನೋಡಿದರೆ ಅನಾಹುತ. "ನಿನಗಾಗಿ ಒಬ್ಬ ಸತ್ತು ಎದ್ದಿದ್ದಾನೆ. ನಿನಗೆ ಕ್ಷಮೆ ಆಗಿದೆ. ಒಳಗೆ ಬಾ." ಪುಣ್ಯಾತ್ಮ ಬಹುವಚನವನ್ನೆಲ್ಲ ಕಿತ್ತು ಹಾಕಿದ್ದಾನೆ! ನಮ್ಮ ಚರ್ಚಿನ ಸಮಿತಿಯ ಕಾರ್ಯದರ್ಶಿಗಳು ಗೋಡೆಯ ಮುಂದೆ ನಿಂತು ಕೆಂಪಗಾದರು. "ಇದೇನ್ರೀ ಅಯ್ಯನವರೇ ಇದು? ನನ್ನ ಹೆಂಡ್ತಿ ಕೂಡ ಸಿಟ್ಟು ಬಂದಾಗ ಮಾತ್ರ ನನ್ನನ್ನ ನೀನು ಅನ್ನೋದು. ಈ ಗೋಡೆ ಯಾರು ನನ್ನನ್ನ ನೀನು ಅನ್ನೋಕೆ?"

ಗೋಡೆಗೆ ತಿಳಿವಳಿಕೆ ಕಡಿಮೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ತೋಳಿಗೆ ಹಚ್ಚಿಕೊಂಡರು: ತಿರುಗುವಾಗ ಗೋಡೆ ತಗುಲಿ ಬಿಳಿ ಅಂಗಿಯ ತೋಳಿನ ಮೇಲೆ ಕಂದು ಬಣ್ಣದ ಅಕ್ಷರ ಮೂಡಿತು. ಬಣ್ಣ ಒಣಗಿದ ಮೇಲೆ ಮರ್ಯಾದೆಯ ಬಹುವಚನಕ್ಕೆ ತಿದ್ದತಕ್ಕದ್ದು ಎಂದು ಸಮಿತಿ ಅಂದೇ ಠರಾವು ಮಾಡಿತು.

ಅಲ್ಲೇ ಸಿಕ್ಕಿಕೊಂಡಿದ್ದೇವೆ ತಂಗೀ. ಬಣ್ಣ ಒಣಗುತ್ತಿಲ್ಲ. ತಿಂಗಳಾಗುತ್ತ ಬಂತು. ಊರಿನ ಅರ್ಧ ಅಂಗಿಗಳು ಹಾಳಾಗಿವೆ. ಇನ್ನೊಂದು ವಿಚಿತ್ರ: ಗೋಡೆಯ ಅಕ್ಷರ ಗೇಣುದ್ದ, ಆದರೆ ಅಂಗಿಯ ಮೇಲೆ ಬೀಳುವುದು ಆ ಅಂಗಿಗೆ ಹೊಂದುವಷ್ಟೇ, ದರ್ಜಿ ಅಳತೆ ತೆಗೆದ ಹಾಗೆ. ದೊಡ್ಡವರಿಗೆ ದೊಡ್ಡದು, ಮಕ್ಕಳಿಗೆ ಸಣ್ಣದು.

ಇದು ಯಾವ ಜಾತಿಯ ಬಣ್ಣ? ಬೇಗ ಬರೆ.

ನಿನ್ನ ಅಣ್ಣ


ಜೂನ್ ೧೧

ಅಣ್ಣಾ,

ಕಾಗದ ನೋಡಿ ಯಾರೋ ಹೋಗಿಬಿಟ್ಟರೇನೋ ಅಂತ ಎದೆ ಧಸಕ್ಕೆಂದಿತು. ಓದಿದರೆ ಹೋಗಿರುವುದು ವ್ಯಾಕರಣ.

ಹೆದರಬೇಡ. ಒಣಗದ ಬಣ್ಣ ಅಂತ ಯಾವುದೂ ಇಲ್ಲ. ಇದ್ದಿದ್ದರೆ ನನ್ನ ಕೆಲಸವೇ ಇರುತ್ತಿರಲಿಲ್ಲ. ನಿನ್ನ ಬೋರ್ಡು ಬರೆಯುವವನು ಎಣ್ಣೆ ಜಾಸ್ತಿ ಸುರಿದಿರಬೇಕು, ಇಲ್ಲವೇ ಬೇಗ ಒಣಗಲಿ ಅಂತ ಹಾಕುವ ದ್ರವ ಮರೆತಿರಬೇಕು, ಇಲ್ಲವೇ ಗೋಡೆಯೊಳಗೆ ಒದ್ದೆ ಇದ್ದು ಪ್ರೈಮರ್ ಹೊಡೆಯದೇ ಬರೆದಿರಬೇಕು. ಅಕ್ಷರ ಅಳತೆಗೆ ತಕ್ಕಂತೆ ಬೀಳುತ್ತದೆ ಅನ್ನುವುದನ್ನು ಪಾದ್ರಿಗಳ ಉತ್ಪ್ರೇಕ್ಷೆ ಅಂತ ಬದಿಗಿಟ್ಟಿದ್ದೇನೆ.

ಇಲ್ಲಿ ನಮ್ಮಲ್ಲಿ ಏನೆಲ್ಲ ಯಂತ್ರಗಳಿದ್ದರೂ ಕೊನೆಯ ತೀರ್ಮಾನ ಹೆಬ್ಬೆಟ್ಟಿನದು. ಹೆಬ್ಬೆಟ್ಟು ಒತ್ತು, ಸ್ವಲ್ಪ ತಿರುಗಿಸು, ತೆಗೆ. ಬೆರಳಿಗೆ ಬಂದರೆ ಹಸಿ. ಗೋಡೆಯ ಮೇಲೆ ಬೆರಳ ಗೆರೆ ಮಾತ್ರ ಉಳಿದರೆ ಅರೆಹಸಿ. ಏನೂ ಆಗದಿದ್ದರೆ ಒಣಗಿದೆ. ನೋಡಿದರೆ ಗೊತ್ತಾಗುವುದಿಲ್ಲ, ಬೇರೆಯವರನ್ನು ಕೇಳಿದರೂ ಗೊತ್ತಾಗುವುದಿಲ್ಲ, ಮುಟ್ಟಲೇಬೇಕು. ನೀನು ಮುಟ್ಟಿ ನೋಡಿ ಬರೆ.

ಅಂದ ಹಾಗೆ, ಊರವರ ಅಂಗಿಗಳ ಕಥೆಯೆಲ್ಲ ಬರೆದೆ. ನಿನ್ನ ಅಂಗಿಯ ಕಥೆ ಬರೆಯಲೇ ಇಲ್ಲ. ದಿನಕ್ಕೆ ಹತ್ತು ಸಲ ಆ ದಾರಿಯಲ್ಲಿ ಓಡಾಡುವವನು ನೀನು. ಹತ್ತಿತೋ ಇಲ್ಲವೋ?

ಆಗದಿದ್ದರೆ ಬಣ್ಣ ಹತ್ತಿದ ಬಟ್ಟೆಯ ತುಂಡೊಂದನ್ನು ಕಳಿಸು. ಹುಬ್ಬೇರಿಸಿ ಪರೀಕ್ಷೆ ಮಾಡುತ್ತೇನೆ. ನಿನ್ನ ಸೊಸೆ, ಅಂದರೆ ನನ್ನ ಮಗಳು, ಸೋದರಮಾವನ ಗೋಡೆ ಬೈಯುತ್ತದಂತೆ ಅಂತ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ತಂಗಿ


ಜೂನ್ ೨೦

ತಂಗೀ,

ನನ್ನ ಹತ್ತಿರ ಇರುವ ಒಳ್ಳೆ ಬಿಳಿ ಅಂಗಿಗಳು ಕಡಿಮೆ, ಹಾಗಾಗಿ ಹೆಬ್ಬೆಟ್ಟಿನ ಪರೀಕ್ಷೆಯನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಹೆಬ್ಬೆಟ್ಟಿಗೂ ಅಂಗಿಗೂ ಏನು ಸಂಬಂಧ ಎಂದು ಕೇಳಬೇಡ. ಪಾದ್ರಿಗಳ ತರ್ಕ ನಿಮ್ಮಂಥವರಿಗೆ ತಿಳಿಯುವುದಿಲ್ಲ.

ತಮಾಷೆ ಇರಲಿ. ಇಲ್ಲಿ ಈಗ ಏನೋ ಬೇರೆಯಾಗುತ್ತಿದೆ.

ಅಂಗಿಯ ಮೇಲೆ ಬೀಳುವ ಅಕ್ಷರ ತಿರುವುಮುರುವು ಇರುತ್ತದಲ್ಲ, ಎದುರಿಗೆ ನಿಂತವರಿಗೆ ಅದು ಬರೀ ಕಲೆ. ಓದಬೇಕಾದರೆ ಹಾಕಿಕೊಂಡವನೇ ಕನ್ನಡಿಯಲ್ಲಿ ನೋಡಬೇಕು. ಕಾರ್ಯದರ್ಶಿಗಳು ಮೊನ್ನೆ ಕ್ಷೌರಕ್ಕೆ ಹೋಗಿದ್ದಾಗ ಕನ್ನಡಿಯಲ್ಲಿ ತಮ್ಮ ತೋಳು ಕಂಡಿತಂತೆ. "ನಿನಗೆ ಕ್ಷಮೆ ಆಗಿದೆ." ಕ್ಷೌರ ಮುಗಿದ ಮೇಲೂ ಏಳಲಿಲ್ಲವಂತೆ. "ಇನ್ನೂ ಸ್ವಲ್ಪ ಹೊತ್ತು ಕೂತಿರ್ಲೇನಪ್ಪಾ?" ಎಂದು ಕೇಳಿದರಂತೆ. ಕ್ಷೌರದವನೇ ಬಂದು ನನಗೆ ಹೇಳಿದ. ತಿದ್ದುವ ಠರಾವಿನ ಬಗ್ಗೆ ಕಾರ್ಯದರ್ಶಿಗಳು ಆಮೇಲೆ ಒಂದು ಮಾತೂ ಆಡಿಲ್ಲ. ಉಳಿದ ಸಮಿತಿಯವರು ಆಡುತ್ತಿದ್ದಾರೆ.

ಆರ್ಗನ್ ನುಡಿಸುವಾಕೆ ತನ್ನ ಮೇಲಂಗಿಯನ್ನು ಕುದಿಸಿ ಒಗೆದಳು. ಕಲೆ ಹೋಯಿತು. ಹಾಕಿಕೊಂಡು ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಅದೇ ಜಾಗದಲ್ಲಿ ಅದೇ ಅಕ್ಷರ, ಹಸಿಹಸಿಯಾಗಿ. ಆ ದಿನ ಆಕೆ ಗೋಡೆಯ ಹತ್ತಿರ ಬಂದೇ ಇರಲಿಲ್ಲ.

ಮಾಂಸದಂಗಡಿಯವನಂತೂ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು, ಪೆನ್ನಿಗೆ ಇಂಕು ತುಂಬಿಸಿಕೊಳ್ಳುವವನ ಹಾಗೆ ಗೋಡೆಗೆ ಭುಜ ಕೊಟ್ಟು ನಿಂತು ಹೋಗುತ್ತಾನೆ. "ನಿನ್ನೆ ಹತ್ತಿತ್ತಲ್ಲಪ್ಪ, ಸಾಲದಾ?" ಅಂದೆ. "ನಿನ್ನೇದು ನಿನ್ನೆಗೆ ಆಯ್ತು ಅಯ್ಯನವರೇ. ಬೆಳಿಗ್ಗೆ ಎದ್ದರೆ ಅದೇ ಹಳೇ ನಾನೇ ಎದ್ದಿರ್ತೀನಿ" ಅಂದ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಅವನು ಹೋಗಿಬಂದನಂತೆ. ನಾನು ಆ ಜಗಳದ ಮೇಲೆ ನಾಲ್ಕು ಪ್ರಸಂಗ ಮಾಡಿದ್ದೆ, ಬಹಳ ಒಳ್ಳೆಯ ಪ್ರಸಂಗಗಳು.

ಇನ್ನೆರಡು ವಿಷಯ. ಬೋರ್ಡು ಬರೆಯುವವನನ್ನು ಕರೆಸಿದ್ದು ನಾನು ಎಂದು ಸಮಿತಿ ತಿಳಿದಿತ್ತು, ಸಮಿತಿ ಎಂದು ನಾನು ತಿಳಿದಿದ್ದೆ. ಯಾರೂ ಕರೆಸಿಲ್ಲ. ಊರಿನ ಬೋರ್ಡಿನವರಿಗೆಲ್ಲ ಕೇಳಿ ನೋಡಿದೆವು, ಅಂಥವನು ಯಾರಿಗೂ ಗೊತ್ತಿಲ್ಲ.

ಎರಡನೆಯದು ನಿನಗೆ ಮಾತ್ರ. ನಿನ್ನೆ ಮಧ್ಯಾಹ್ನ, ಬಿಸಿಲು ಚೆನ್ನಾಗಿದ್ದ ಹೊತ್ತಿನಲ್ಲಿ, ನನ್ನ ಕೋಣೆಯಲ್ಲಿ ಕೂತಿದ್ದಾಗ ಗೋಡೆಯ ಕಡೆಯಿಂದ ಕುಂಚ ಎಳೆಯುವ ಸದ್ದು ಕೇಳಿಸಿತು. ನಿಧಾನವಾಗಿ, ಮೇಲಿನಿಂದ ಕೆಳಕ್ಕೆ. ಎದ್ದು ಹೋಗಿ ನೋಡಿದೆ. ಯಾರೂ ಇಲ್ಲ. ಅಕ್ಷರಗಳು ಈಗಷ್ಟೇ ಬರೆದಂತೆ ಹೊಳೆಯುತ್ತಿದ್ದವು. ವಾಪಸ್ ಬಂದು ಕೂತೆ, ಮತ್ತೆ ಕೇಳಿಸಿತು.

ಆರ್ಗನ್ ನುಡಿಸುವಾಕೆಯ ಮೇಲಂಗಿಯ ತೋಳಿನ ಪಟ್ಟಿ ಕತ್ತರಿಸಿ ಕಳಿಸಿದ್ದೇನೆ. ಮೇಣದ ಕಾಗದದಲ್ಲಿ ಸುತ್ತಿದ್ದೇನೆ. ನೋಡು.

ಅಣ್ಣ


ಜುಲೈ ೨

ಮಾನ್ಯರೇ,

ನೀವು ಕಳುಹಿಸಿದ ಮಾದರಿ ತಲುಪಿದೆ. ಪರೀಕ್ಷಿಸಲಾಗಿ ಅದು ಸಾಮಾನ್ಯ ಎನಾಮಲ್ ಬಣ್ಣವೆಂದು ಕಂಡುಬಂದಿದೆ. ನಮ್ಮಲ್ಲಿ ಒಂದೇ ದಿನದಲ್ಲಿ ಪೂರ್ತಿ ಒಣಗಿತು. ವಿಶೇಷವೇನೂ ಇಲ್ಲ. ಗೋಡೆಯನ್ನು ಇಟ್ಟಿಗೆ ಕಾಣುವ ತನಕ ಕೆರೆಸಿ, ಬೇಗ ಒಣಗುವ ಬಣ್ಣ ಹೊಡೆಸುವುದು ಉತ್ತಮ. ತಡಮಾಡದಿರುವುದು ಇನ್ನೂ ಉತ್ತಮ.

ಕೈಗೆ ಸ್ವಲ್ಪ ಪೆಟ್ಟಾಗಿರುವುದರಿಂದ ಟೈಪು ಮಾಡಿದ್ದೇನೆ. ನಾವೆಲ್ಲರೂ ಕ್ಷೇಮ. ನೀವೂ ಈ ವಿಷಯವನ್ನು ಹೆಚ್ಚು ತಲೆಗೆ ಹಚ್ಚಿಕೊಳ್ಳಬೇಡಿ.

ತಂಗಿ


ಜುಲೈ ೮

ನನ್ನ ಬಂಗಾರದಂಥ ತಂಗೀ,

ನಿನ್ನ ಸರ್ಕಾರಿ ಧಾಟಿಯ ಕಾಗದ ಓದಿ ಮೊದಲು ನಕ್ಕೆ. ಮಾನ್ಯರಂತೆ! ಆಮೇಲೆ "ಪೂರ್ತಿ ಒಣಗಿತು" ಎಂಬಲ್ಲಿಗೆ ಬಂದೆ. ಕುರ್ಚಿಯ ಮೇಲೆ ಕೂತುಬಿಟ್ಟೆ. ನನ್ನ ಕಣ್ಣಿನಿಂದ ನೀರು ಬಂತು. ನನಗೆ ಎಷ್ಟು ದೊಡ್ಡ ಉಪಕಾರ ಮಾಡಿದೆ ಎಂದು ನಿನಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ.

ಮುಟ್ಟಿ ನೋಡುವುದನ್ನು ಮುಂದೂಡಿದ್ದೇನೆ ಎಂದದ್ದು ಸುಳ್ಳು. ಮೊದಲ ವಾರವೇ ಮುಟ್ಟಿದ್ದೆ. ತಂಗೀ, ನನ್ನ ಕೈಗೆ ಅದು ಒಣಗಿದೆ.

ಸುಣ್ಣದಕಡ್ಡಿಯ ಹಾಗೆ ಒಣಗಿದೆ. ಮಾಂಸದಂಗಡಿಯವನು ಭುಜ ತೆಗೆದ ಕೂಡಲೇ, ಅವನ ಅಂಗಿಯಿಂದ ಬಣ್ಣ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ, ನಾನು ಅದೇ ಜಾಗಕ್ಕೆ ಅಂಗೈ ಒತ್ತಿದೆ. ಏನೂ ಇಲ್ಲ. ಬೆನ್ನು ಉಜ್ಜಿದೆ. ಯಾರೂ ಇಲ್ಲದಾಗ ಹಣೆ ಇಟ್ಟೆ, ಕೆನ್ನೆ ಇಟ್ಟೆ. ಗೋಡೆಯ ತಂಪು ತಗುಲಿತೇ ಹೊರತು ಬಣ್ಣ ಬರಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ಇಡೀ ಸಭೆಯಲ್ಲಿ ಕಲೆಯಿಲ್ಲದ ಅಂಗಿ ನನ್ನದೊಂದೇ. ಜನ ಏನನ್ನುತ್ತಾರೆ ಗೊತ್ತೇ? "ನೋಡಿ, ಅಯ್ಯನವರ ಅಂಗಿ ಎಷ್ಟು ಬಿಳಿ! ಅಂಥವರಿಗೆ ಅದರ ಅಗತ್ಯ ಏನಿದೆ?" ವೃದ್ಧೆಯೊಬ್ಬರು ನನ್ನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ನಗುತ್ತ ನಿಂತಿದ್ದೆ.

ವಾರವಾರವೂ ನಾನು ಹೇಳಿದ್ದು ಆ ಮೂರು ಸಾಲುಗಳನ್ನೇ. ಸತ್ತಿದ್ದಾನೆ, ಎದ್ದಿದ್ದಾನೆ, ಕ್ಷಮೆ ಆಗಿದೆ, ಬನ್ನಿ. ಊರವರಿಗೆಲ್ಲ ಟಪಾಲು ಹಂಚಿದವನಿಗೆ ತನ್ನ ಹೆಸರಿಗೆ ಒಂದು ಕಾಗದವೂ ಬಂದಿಲ್ಲ ಎಂಬುದು ಯಾವಾಗ ಗೊತ್ತಾಗಬೇಕು? ಚೀಲ ಭಾರವಿದ್ದಷ್ಟು ದಿನ ಗೊತ್ತಾಗುವುದಿಲ್ಲ. ನನ್ನ ಬಾಯಲ್ಲಿ ಆ ಮಾತು ಯಾವಾಗ ಒಣಗಿತೋ ನೆನಪಿಲ್ಲ. ಉದುರಿದ ಅಕ್ಷರ ನನ್ನ ಗಮನಕ್ಕೆ ಬರಲಿಲ್ಲ ಎಂದು ಬರೆದಿದ್ದೆನಲ್ಲ, ಅದು ತಮಾಷೆಗೆ ಬರೆದದ್ದಲ್ಲ.

ನಿನ್ನ ವರದಿ ಬರುವ ತನಕ ಎಲ್ಲರಿಗೂ ಹಸಿಯಾಗಿರುವುದು ನನಗೊಬ್ಬನಿಗೆ ಒಣಗಿದೆ ಎಂದು ಹೆದರಿದ್ದೆ. ಈಗ ತಿಳಿಯಿತು, ನಿನಗೂ ಒಣಗಿದೆ. ಊರಿಗೇ ಏನೋ ಹಿಡಿದಿದೆ, ನಾವಿಬ್ಬರೇ ನೆಟ್ಟಗಿದ್ದೇವೆ. ಸರಿ, ಹಾಗಿದ್ದರೆ ಸರಿ.

ಸಮಿತಿಗೆ ನಿನ್ನ ಕಾಗದ ಓದಿ ಹೇಳಿದೆ. ಬರುವ ಶನಿವಾರ ಗೋಡೆ ಕೆರೆಯುತ್ತಾರೆ. ಬಹುವಚನದಲ್ಲಿ, ಬೇಗ ಒಣಗುವ ಬಣ್ಣದಲ್ಲಿ ಬರೆಸುತ್ತಾರೆ. ಅದು ಮುಗಿದ ಮರುವಾರದ ಭಾನುವಾರ ಬೀಗದಕೈ ಒಪ್ಪಿಸಿ ಈ ಕೆಲಸ ಬಿಡುತ್ತೇನೆ. ಒಂದು ಶಾಲೆಯಲ್ಲಿ ಗುಮಾಸ್ತೆಯ ಜಾಗ ಖಾಲಿ ಇದೆಯಂತೆ. ನನಗೆ ಒಣಗಿದ ಮಾತನ್ನು ಇನ್ನೊಬ್ಬರಿಗೆ ಹಸಿ ಎಂದು ಮಾರುವುದು ಸಾಕಾಗಿದೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ನಿನ್ನ ಕಾಗದದ ಅಂಚಿನಲ್ಲಿ ಕಾಫಿ ಚೆಲ್ಲಿದ್ದೀಯ. ಕಾರ್ಖಾನೆಯವರು ವರದಿಗಳನ್ನು ಇಷ್ಟು ಕೊಳಕಾಗಿ ಕಳಿಸಬಾರದು.

ಅಣ್ಣ


ಜುಲೈ ೧೩

ಅಣ್ಣಾ, ಅಣ್ಣಾ,

ಗೋಡೆ ಕೆರೆಸಬೇಡ. ಬೀಗದಕೈ ಕೊಡಬೇಡ. ಈ ಕಾಗದ ಆ ಶನಿವಾರಕ್ಕೆ ಮೊದಲು ನಿನಗೆ ಸಿಗಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಅಂತ ಕೇಳಬೇಡ.

ಅದು ಕಾಫಿಯಲ್ಲ.

ಮಾದರಿ ಒಣಗಲಿಲ್ಲ. ನಾನು ಹೇಳಿದ್ದು ಹಸಿ ಸುಳ್ಳು. ನಾನು ನಿನ್ನನ್ನು 'ನೀವು' ಅಂದಾಗಲೇ ನಿನಗೆ ತಿಳಿಯಬೇಕಿತ್ತು. ಚಿಕ್ಕವಳಿದ್ದಾಗ ಸಕ್ಕರೆ ಕದ್ದು ಸಿಕ್ಕಿಬಿದ್ದರೆ ನಿನ್ನನ್ನು 'ಅಣ್ಣನವರೇ' ಅನ್ನುತ್ತಿದ್ದೆನಲ್ಲ, ಮರೆತೆಯಾ?

ಮೇಣದ ಕಾಗದ ಬಿಚ್ಚಿ, ಅಭ್ಯಾಸದಂತೆ ಹೆಬ್ಬೆಟ್ಟು ಒತ್ತಿ ತಿರುಗಿಸಿ ತೆಗೆದೆ. ಬೆರಳ ಮೇಲೆ ಒಂದೇ ಒಂದು ಅಕ್ಷರ ಬಂದಿತ್ತು. ಬಟ್ಟೆಯ ಮೇಲೆ ತಿರುವುಮುರುವು ಇದ್ದದ್ದು ಬೆರಳ ಮೇಲೆ ನೇರವಾಗಿ, ಉಗುರಿನಷ್ಟು ಸಣ್ಣದಾಗಿ, ಬೆರಳ ಗೆರೆಗಳ ನಡುವೆ ಅಚ್ಚುಕಟ್ಟಾಗಿ: "ಬಾ".

ಪಟ್ಟಿಯನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲಿಟ್ಟೆ. ಪಕ್ಕದಲ್ಲಿದ್ದ ಬೇರೆ ಬಣ್ಣಗಳೆಲ್ಲ ಒಣಗಿ ಬಿರುಕು ಬಿಟ್ಟವು. ಬಟ್ಟೆಯ ಅಂಚು ಕೂಡ ಸುಟ್ಟಿತು. ಅಕ್ಷರ ಹಸಿ. ಹೆಬ್ಬೆಟ್ಟನ್ನು ಥಿನ್ನರಿನಲ್ಲಿ ಅದ್ದಿದೆ, ಟರ್ಪೆಂಟೈನಿನಲ್ಲಿ ಅದ್ದಿದೆ, ಕೊನೆಗೆ ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದೆ. ಚರ್ಮ ಹೋಯಿತು. ಅದು ಇನ್ನೂ ಸ್ಪಷ್ಟವಾಯಿತು.

ಕೈಗವಸು ಹಾಕಿಕೊಂಡು ಕೆಲಸಕ್ಕೆ ಹೋದೆ. ಕೈಗವಸಿನ ಮೇಲೂ ಬಂತು. ಮನೆಯಲ್ಲಿ ನಾನು ಮುಟ್ಟಿದ್ದರ ಮೇಲೆಲ್ಲ ಒಂದೊಂದು ತಿರುವುಮುರುವಾದ "ಬಾ". ಲೋಟದ ಮೇಲೆ, ದಿಂಬಿನ ಮೇಲೆ, ಬಾಗಿಲ ಚಿಲಕದ ಮೇಲೆ. ಒರೆಸುತ್ತೇನೆ, ಮತ್ತೆ ಮುಟ್ಟುತ್ತೇನೆ. ನಮ್ಮ ಮನೆಯವರು ಗಡ್ಡ ಮಾಡಿಕೊಳ್ಳುತ್ತ ಕೇಳಿದರು, "ಏನೇ ಇದು, ನನ್ನ ಕುತ್ತಿಗೆ ಮೇಲೆ ಯಾರೋ ಬಾ ಅಂತ ಬರೆದಿದಾರೆ?" ಹಿಂದಿನ ಸಂಜೆ ಅವರ ಅಂಗಿಯ ಕಾಲರು ಸರಿಮಾಡಿದ್ದೆ. ಅವರು ನಕ್ಕರು. ಆಮೇಲೆ ಕನ್ನಡಿಯ ಮುಂದೆಯೇ ನಿಂತುಬಿಟ್ಟರು, ನೊರೆ ಮುಖದ ಮೇಲೆಯೇ ಆರಿಹೋಯಿತು. ಮಗಳು ಮಾತ್ರ ಹೆದರಲಿಲ್ಲ. "ಅಮ್ಮಾ, ಬಾ ಅಂತ ಇಷ್ಟು ಸಲ ಕರೀತಿದಾರಲ್ಲ, ಯಾಕೆ ಹೋಗ್ತಿಲ್ಲ ನೀನು?" ಅಂದಳು.

ಸುಳ್ಳು ಯಾಕೆ ಹೇಳಿದೆ ಅಂತ ನೀನು ಕೇಳುವುದಿಲ್ಲ, ನಾನೇ ಹೇಳಬೇಕು. ಈ ಕೆಲಸಕ್ಕೆ ಸೇರಿದ ಮೇಲೆ ಹಸಿಯನ್ನು ಒಣ ಅಂತ ಬರೆದವಳಲ್ಲ ನಾನು. ಆದರೆ ಅದು ನಿಜ ಅಂತ ಬರೆದರೆ ಅದು ನನಗೂ ನಿಜವಾಗಿಬಿಡುತ್ತದಲ್ಲ ಅಂತ ಭಯವಾಯಿತು. ನಿನ್ನ ಚರ್ಚಿಗೆ ಬಂದಾಗಲೆಲ್ಲ 'ನೀವು' ಅಂತ ಕರೆಸಿಕೊಳ್ಳುವ ಜನರ ಗುಂಪಿನ ಹಿಂದೆ ನಿಂತು ತಪ್ಪಿಸಿಕೊಂಡು ಬರುತ್ತಿದ್ದೆ. ಇದು ಗುಂಪಿಗೆ ಹೇಳುತ್ತಿಲ್ಲ ಅಣ್ಣಾ. ಕೈ ಹಿಡಿದು ಹೇಳುತ್ತಿದೆ.

ನನ್ನ ಸುಳ್ಳಿನ ಮೇಲೆ ನೀನು ಸಮಾಧಾನವಾಗಿ ಮಲಗಿದ್ದೀಯ ಅಂತ ಓದಿ ನನಗೆ ಅನ್ನ ಸೇರಲಿಲ್ಲ. ಕ್ಷಮಿಸು.

ನಿನಗೆ ಯಾಕೆ ಒಣಗಿದೆ ಅಂತ ನನಗೆ ಗೊತ್ತಿಲ್ಲ. ಬಣ್ಣದವಳಾಗಿ ಒಂದೇ ಮಾತು ಹೇಳಬಲ್ಲೆ: ಹಳೇ ಬಣ್ಣದ ಮೇಲೆ ಹಳೇ ಬಣ್ಣ, ಅದರ ಮೇಲೆ ಇನ್ನೊಂದು ಕೋಟು, ಹೀಗೆ ದಪ್ಪವಾದ ಗೋಡೆ ಹೊಸತನ್ನು ಹೀರುವುದಿಲ್ಲ. ತಂಗಿಯಾಗಿ ಹೇಳುವುದಾದರೆ, ನಿನ್ನನ್ನು 'ನೀನು' ಅನ್ನುವವರು ಈ ಭೂಮಿಯ ಮೇಲೆ ಈಗ ಎಷ್ಟು ಜನ ಇದ್ದಾರೆ? ಅಮ್ಮ ಹೋದಳು. ಉಳಿದವಳು ನಾನೊಬ್ಬಳೇ. ಯಾರಾದರೂ 'ನೀನು' ಅಂದರೆ ಅದು ನಿನಗೇ ಅಂದದ್ದು ಅಂತ ಅರ್ಥವಾಗುವುದೇ ನಿಂತುಹೋಗಿರಬೇಕು.

ಹಾಗಾಗಿ ನಾನು ಹೇಳುತ್ತಿದ್ದೇನೆ. ನಂಬದವಳು ನಂಬುವವನಿಗೆ ಹೇಳುತ್ತಿದ್ದೇನೆ, ನಗು ಬಂದರೆ ನಗು. ನಿನಗಾಗಿ ಒಬ್ಬ ಸತ್ತು ಎದ್ದಿದ್ದಾನೆ. ಅಯ್ಯನವರಿಗಾಗಿ ಅಲ್ಲ, ನಿನಗಾಗಿ. ನಿನಗೆ ಕ್ಷಮೆ ಆಗಿದೆ ಕಣೋ.

ಕೆಳಗೆ ಸಹಿ ಮಾಡುತ್ತಿಲ್ಲ. ಹೆಬ್ಬೆಟ್ಟು ಒತ್ತಿದ್ದೇನೆ.


ಜುಲೈ ೨೪

ತಂಗೀ,

ನಿನ್ನ ಕಾಗದ ತಡವಾಗಿ ಬಂತು. ಶನಿವಾರವೇ ಗೋಡೆ ಕೆರೆದುಬಿಟ್ಟರು. ಕೆರೆಯುವಾಗ ಬಿದ್ದ ಬಣ್ಣದ ಚೂರುಗಳನ್ನು ಗುಡಿಸಿ ಹಾಕಿದರು. ಹೊಸ ಬರಹ ಗಂಟೆಯೊಳಗೆ ಒಣಗಿತು. ಬಹಳ ಚೆನ್ನಾಗಿದೆ. ಗೋಡೆ ಈಗ ಎಲ್ಲರನ್ನೂ ಮರ್ಯಾದೆಯಿಂದ ಮಾತಾಡಿಸುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಭಾನುವಾರ ಜನ ಇಕ್ಕಟ್ಟಿನಲ್ಲಿ ಧಾರಾಳವಾಗಿ ಓಡಾಡಿದರು. ಮಾಂಸದಂಗಡಿಯವನು ಮಾತ್ರ ಅಲ್ಲಿ ನಿಂತು ಭುಜ ಒತ್ತಿ ನೋಡಿ, ಒತ್ತಿ ನೋಡಿ, ಹೊರಟುಹೋದ.

ಬೀಗದಕೈ ಒಪ್ಪಿಸುವ ಭಾನುವಾರಕ್ಕೆ ಇನ್ನೂ ಮೂರು ದಿನ ಇತ್ತು. ಮಧ್ಯಾಹ್ನ ನನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಅವನೇ. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಡಬ್ಬ.

"ಒಣಗಿದೆ ಅಂತ ಹೇಳಿ ಕಳಿಸಿದ್ರಲ್ಲ, ಬಂದೆ."

"ನಾನು ಯಾರಿಗೂ ಹೇಳಿ ಕಳಿಸಿಲ್ಲವಲ್ಲಪ್ಪ."

"ಕಾಗದದಲ್ಲಿ ಬರೆದಿದ್ರಿ."

"ಅದು ನಾನು ನನ್ನ ತಂಗಿಗೆ ಬರೆದದ್ದು!"

"ಇರಬಹುದು" ಅಂದ, ಅದರಲ್ಲೇನು ವ್ಯತ್ಯಾಸ ಎಂಬಂತೆ. ಅವನು ಬಾಗಿಲಿನಿಂದ ಹಿಂದಕ್ಕೆ ವಾಲಿ ಹೊಸ ಗೋಡೆಯನ್ನು ಓದಿದ. "ಚೆನ್ನಾಗಿ ಬರೆದಿದಾರೆ. ಯಾರಿಗೆ ಅಂತ ಗೊತ್ತಾಗ್ತಿಲ್ಲ, ಅಷ್ಟೇ." ಡಬ್ಬ ಕೆಳಗಿಟ್ಟ. "ನಾನು ಬಂದಿದ್ದು ಗೋಡೆಗಲ್ಲ. ಎಲ್ಲಿ ಒಣಗಿರೋದು, ತೋರಿಸಿ."

ನಾನು ತೋರಿಸಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ಅವನ ಎದುರು ನಿಂತಿದ್ದೆ, ತೋರಿಸಲು ಬೇರೇನು ಬೇಕಿತ್ತು? ಅಷ್ಟರಲ್ಲಿ ಅಂಚೆಯವನು ಕೂಗಿ ನಿನ್ನ ಲಕೋಟೆ ಕೊಟ್ಟು ಹೋದ. ಏನು ಮಾಡಬೇಕೆಂದು ತೋಚದೆ, ಬೋರ್ಡಿನವನ ಎದುರಿಗೇ ಒಡೆದೆ. ನಿಂತೇ ಓದಿದೆ. ನೀನು 'ಕಣೋ' ಅಂದ ಜಾಗಕ್ಕೆ ಬಂದಾಗ ಕಾಗದ ಜಾರಿತು. ಬೀಳದಂತೆ ಹಿಡಿದುಕೊಂಡೆ.

ಹಿಡಿದದ್ದು ನಿನ್ನ ಹೆಬ್ಬೆಟ್ಟಿನ ಮೇಲೆ.

ಒದ್ದೆಯಾಗಿತ್ತು ತಂಗೀ. ತಣ್ಣಗೆ, ಈಗಷ್ಟೇ ಹಚ್ಚಿದ ಹಾಗೆ. ಬೆರಳೆತ್ತಿ ನೋಡಿದರೆ "ಬಾ". ಕನ್ನಡಿಯೂ ಬೇಕಾಗಲಿಲ್ಲ.

ಅವನು ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದ. ಹೆಬ್ಬೆಟ್ಟನ್ನು ಬೆಳಕಿಗೆ ತಿರುಗಿಸಿ, ಬೋರ್ಡಿನವರು ಊದುತ್ತಾರಲ್ಲ ಹಾಗೆ ಉಫ್ ಎಂದು ಊದಿದ. ಮತ್ತೆ ನೋಡಿದ. ಆಮೇಲೆ, ನನ್ನನ್ನು ಇಷ್ಟು ಹೊತ್ತೂ ಬಹುವಚನದಲ್ಲಿ ಮಾತಾಡಿಸುತ್ತಿದ್ದವನು, ನಮ್ಮ ಅಮ್ಮ ನನ್ನನ್ನು ಮಾತಾಡಿಸುತ್ತಿದ್ದ ಹಾಗೆಯೇ ಅಂದ:

"ಒಣಗಿಲ್ವಲ್ಲೋ ಇದು. ಸುಮ್ನೆ ಇಲ್ಲೀ ತನಕ ಓಡಿಸಿದ್ಯಲ್ಲೋ ನನ್ನ."

ಡಬ್ಬ ಎತ್ತಿಕೊಂಡು ಹೋದ. ನಾನು ದಾರಿಯ ತನಕ ಓಡಿದೆ. ಬೀದಿ ಆ ಕೊನೆಯಿಂದ ಈ ಕೊನೆಯವರೆಗೆ ಖಾಲಿ, ಬಿಸಿಲು ಮಾತ್ರ. ಹೊಸ ಬಣ್ಣದ ವಾಸನೆ ಮಾತ್ರ ಸಂಜೆಯ ತನಕ ಇತ್ತು.

ಭಾನುವಾರ ಬೀಗದಕೈಯನ್ನು ಅದರ ಮೊಳೆಗೇ ನೇತುಹಾಕಿದೆ. ನನ್ನ ಅಂಗಿಯ ಗುಂಡಿಪಟ್ಟಿಯ ಮೇಲೆಲ್ಲ ಹೆಬ್ಬೆಟ್ಟಿನ ಕಲೆ. ಜನ ಬಾಯಿ ಬಿಟ್ಟು ನೋಡಿದರು. ಪ್ರಸಂಗ ಮುಗಿದ ಮೇಲೆ ಮಾಂಸದಂಗಡಿಯವನು ಮೆಲ್ಲಗೆ ಬಂದು, "ಅಯ್ಯನವರೇ, ನಿಮಗೂ ಹತ್ತಿತಾ?" ಅಂದ. "ಹತ್ತಿತಪ್ಪ. ನನಗೂ ಬೇಕಾಗಿತ್ತು" ಅಂದೆ. ಅವನು ಗೋಡೆಗೆ ಕೊಡುತ್ತಿದ್ದ ಹಾಗೆ ನನ್ನ ಬೆರಳಿಗೆ ಭುಜ ಕೊಟ್ಟು ನಿಂತ. ಅವನ ಹಿಂದೆ ಕಾರ್ಯದರ್ಶಿಗಳು. ಅವರ ಹಿಂದೆ ಸಾಲು.

ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೆಬ್ಬೆಟ್ಟನ್ನು ಒತ್ತಿ, ತಿರುಗಿಸಿ, ತೆಗೆದು ನೋಡುತ್ತೇನೆ. ನೀನು ಹೇಳಿಕೊಟ್ಟ ಹಾಗೆಯೇ. ಇವತ್ತೂ ಹಸಿ ಇತ್ತು. ನಾಳೆಯದು ನಾಳೆ ನೋಡಬೇಕು. ಹೆದರಿಕೆ ಪೂರ್ತಿ ಹೋಗಿಲ್ಲ. ಕೆಲವು ಮಧ್ಯಾಹ್ನ ಆ ಕುಂಚದ ಸದ್ದು ಈಗಲೂ ಕೇಳಿಸುತ್ತದೆ, ಗೋಡೆಯ ಕಡೆಯಿಂದಲ್ಲ, ಬಹಳ ಹತ್ತಿರದಿಂದ.

ನಿನ್ನ ಸುಳ್ಳಿನ ವಿಷಯ. ಅದಕ್ಕೆ ಕ್ಷಮೆ ಆಗಿದೆ. ನಾನು ಮಾಡಿದ್ದಲ್ಲ, ಮೊದಲೇ ಆಗಿತ್ತು. ನನ್ನದಕ್ಕೂ.

ಇಷ್ಟೆಲ್ಲ ಓದಿ, ಇಷ್ಟೆಲ್ಲ ಪ್ರಸಂಗ ಬರೆದು, ನಿನ್ನ ಅಣ್ಣ ಕೊನೆಗೂ ಹೆಬ್ಬೆಟ್ಟು ಆದ. ಕೆಳಗೆ ಒತ್ತಿದ್ದೇನೆ.


ಜುಲೈ ೩೦

ಅಣ್ಣಾ,

ಇನ್ನು ಕಾಗದ ಬರೆಯುವುದಿಲ್ಲ, ನಾನೇ ಬರುತ್ತಿದ್ದೇನೆ. ಮಗಳೂ ಬರುತ್ತಾಳೆ. ನಮ್ಮ ಮನೆಯವರು ಕೇಳುವ ಮೊದಲೇ ಚೀಲ ಕಟ್ಟಿದ್ದಾರೆ. ಗುಂಪಿನ ಹಿಂದೆ ನಿಲ್ಲುವುದಿಲ್ಲ.

ಇದನ್ನು ಬರೆಯುತ್ತಿರುವುದು ಒಂದೇ ಕಾರಣಕ್ಕೆ. ನಿನ್ನ ಲಕೋಟೆ ಇವತ್ತು ಬಂತು. ನಮ್ಮ ಬೀದಿಯ ಅಂಚೆಯವರು ನಿನಗೆ ಗೊತ್ತಲ್ಲ, ಸಿಡುಕು ಮೋರೆಯವರು, ಯಾರನ್ನೂ ಮಾತಾಡಿಸದೆ ಕಾಗದ ಎಸೆದು ಹೋಗುವವರು. ಅವರು ಎಸೆಯಲಿಲ್ಲ. ಬಾಗಿಲು ತೆಗೆದರೆ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನೀನು ಹೆಬ್ಬೆಟ್ಟು ಒತ್ತಿದ ಜಾಗದಲ್ಲಿ ಬಣ್ಣ ಹೊರಗೆ ಒಸರಿತ್ತು.

"ಅಮ್ಮಾ" ಅಂದರು, ಹೆಬ್ಬೆಟ್ಟು ಮೇಲೆತ್ತಿ ತೋರಿಸುತ್ತ, "ಇದು ನಿಮಗೆ ಬಂದಿರೋದಾ, ನನಗಾ?"

ಅಷ್ಟು ವರ್ಷ ಅವರನ್ನು 'ನೀವು' ಅಂದವಳು ನಾನು. ಬಾಗಿಲು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು,

"ಒಳಗೆ ಬಾ" ಅಂದೆ.